ಗಾಳ ಹಿಡಿದವರು, ಎರೆ ಹಾಕಿದವರು

ಅಮೆರಿಕದ ಮೆಸಾಚುಸೆಟ್ಸ್ ಕರಾವಳಿಯಾಚೆ ಕಟಿಹಂಕ್ ಎಂಬ ಪುಟ್ಟ ದ್ವೀಪವಿದೆ. 1864ರಲ್ಲಿ ನ್ಯೂಯಾರ್ಕಿನ ಸಿರಿವಂತರು ಅಲ್ಲೊಂದು ಮೀನುಗಾರಿಕೆಯ ಕ್ಲಬ್ ಕಟ್ಟಿದರು. ಬಂಡೆಗಳಿಂದ ಕಡಲಿಗೆ ಚಾಚಿದ ಹಲಗೆಯ ಅಟ್ಟಣೆ. ಅದರ ತುದಿಯಲ್ಲಿ ಕುಳಿತು, ಬೆಳ್ಳಿ ಮೈಯ ಮೇಲೆ ಕಪ್ಪು ಗೆರೆಗಳಿರುವ ಸ್ಟ್ರೈಪ್ಡ್ ಬಾಸ್ ಹಿಡಿಯುವುದು ಅವರ ಹವ್ಯಾಸ. ಗಾಳಕ್ಕೆ ಎರೆ ಸಿಕ್ಕಿಸಿ, ನೀರಿಗೆ ಚೂರು ಚೆಲ್ಲಿ ಮೀನನ್ನು ಕರೆಯುವ ಕೆಲಸ ಮಾತ್ರ ಕೂಲಿಯಾಳಿನದು. ಎರೆ ಯಾವುದೆನ್ನುತ್ತೀರಿ? ಲಾಬ್‌ಸ್ಟರ್! ಇಂದು ಬಾಡಿಗೆ ದೋಣಿಯಲ್ಲಿ ಅತಿಥಿಗಳನ್ನು ದಡದಂಚಿನ ನೀರಿಗೆ ಕರೆದೊಯ್ಯುವ ಗೈಡಿನ ಪೂರ್ವಜ ಈ ಆಳೇ ಎಂದು ನನ್ನ ಎಣಿಕೆ.

ಗೈಡಿನ ಅನ್ನ ಈ ಮೀನಿನಲ್ಲಿದೆ. ಅಟ್ಲಾಂಟಿಕ್ ತೀರದ ಬೆಸ್ತರು 1973ರಲ್ಲಿ ಹಿಡಿದದ್ದು ಸುಮಾರು 147 ಲಕ್ಷ ಪೌಂಡು. 1983ರಲ್ಲಿ 17 ಲಕ್ಷ. ಚೆಸಪೀಕ್ ಕೊಲ್ಲಿ ಇದರ ಮುಖ್ಯ ಹೆರಿಗೆಮನೆ. ಅಲ್ಲಿ ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಷೇಧಿಸಿತು. 1995ರಲ್ಲಿ ಮೀನು ಚೇತರಿಸಿತೆಂದು ಘೋಷಣೆಯಾಯಿತು. ಮುಂದೆ ಮತ್ತೆ ಇಳಿಯಿತು. 2023ರಲ್ಲಿ ಬಂದ ನಿಯಮದಂತೆ ಕಡಲಿನಲ್ಲಿ ಹವ್ಯಾಸಿಯೊಬ್ಬ 28ರಿಂದ 31 ಅಂಗುಲದೊಳಗಿನ ಒಂದೇ ಮೀನನ್ನು ಇಟ್ಟುಕೊಳ್ಳಬಹುದು. ದೊಡ್ಡವು ಬಹುಪಾಲು ಹೆಣ್ಣು; ಮೊಟ್ಟೆಯೂ ಹೆಚ್ಚು. ಹೀಗಾಗಿ ಹಣ ತೆತ್ತು ಬಂದವನು ಊರಲ್ಲಿ ಹೇಳಿಕೊಳ್ಳುವಂಥ ಮೀನನ್ನು ದೋಣಿಗೆ ಎಳೆದಾಗ, ಅದನ್ನು ನೀರಿಗೆ ಬಿಡಿಸುವ ಹೊಣೆ ಗೈಡಿನದಾಗಿದೆ.