ಮುದಗಲ್ಲಿನ ಅರೆಯುವ ಕಲ್ಲು: ಮನೆಯ ಅಂಗರಾಗದ ಚರಿತ್ರೆಗೆ ಒಂದು ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋ-ಆಬಿನ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಯುದ್ಧಗಳ ಸಾಲು. ಮುದಗಲ್ ಎಂದರೆ ಕೋಟೆ. ಕೋಟೆ ಎಂದರೆ ಬಹಮನಿ ಸುಲ್ತಾನರು, ವಿಜಯನಗರದ ರಾಯರು, ಬಿಜಾಪುರದ ಆದಿಲ್‌ಶಾಹಿಗಳು. ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಕೋಟೆಯೊಳಗೂ ಮನೆಗಳಿದ್ದುವು. ಮನೆಗಳಲ್ಲಿ ಒರಳು, ಬೀಸುವ ಕಲ್ಲು, ಎಣ್ಣೆಯ ಗಡಿಗೆಗಳಿದ್ದುವು. ಜನರು ಮೀಯುತ್ತಿದ್ದರು, ಬಿರಿದ ಚರ್ಮಕ್ಕೆ ಎಣ್ಣೆ ಸವರುತ್ತಿದ್ದರು, ಮದುವೆಯ ಮಕ್ಕಳಿಗೆ ಅರಿಶಿನ ಪೂಸುತ್ತಿದ್ದರು. ದೇಹಸಂಸ್ಕಾರದ ಈ ಸಾಮಗ್ರಿಗಳು ಯಾವುವು, ಅವುಗಳನ್ನು ಸಿದ್ಧಪಡಿಸಿದ ಸಲಕರಣೆಗಳು ಯಾವುವು, ಇವೆರಡರಲ್ಲಿ ಕಾಲದ ಪೆಟ್ಟನ್ನು ತಾಳಿ ನಿಂತುದು ಯಾವುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯ ಪ್ರವೇಶಕ್ಕೆ ಮುದಗಲ್ಲಿನದೇ ಒಂದು ಪ್ರಸಿದ್ಧ ಕಥೆ ನೆರವಾಗುತ್ತದೆ. ಚರಿತ್ರಕಾರ ಫಿರಿಸ್ತಾ ಹೇಳುವ ಪ್ರಕಾರ, ಮುದಗಲ್ಲಿನ ಅಕ್ಕಸಾಲೆಯೊಬ್ಬನ ಮಗಳ ರೂಪದ ಸುದ್ದಿಯನ್ನು ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನು ವಿಜಯನಗರದ ಅರಸನಿಗೆ ಮುಟ್ಟಿಸಿದನು. ಕನ್ಯೆ ಅರಸನ ಕೊಡುಗೆಗಳನ್ನು ಒಲ್ಲೆನೆಂದಳು. ಅರಸನ ಸೇನೆ 1406ರಲ್ಲಿ ದೋ-ಆಬಿನೊಳಕ್ಕೆ ನುಗ್ಗಿತು. ಫಿರೋಜ್‌ ಶಾಹ ಬಹಮನಿಯು ಪ್ರತಿಯಾಗಿ ದಂಡೆತ್ತಿ ಬಂದನು. ಕಥೆಯಲ್ಲಿ ಐತಿಹಾಸಿಕ ಸತ್ಯಾಂಶ ಎಷ್ಟೆಂಬ ಚರ್ಚೆ ಇಲ್ಲಿ ಬೇಡ. ನಾವು ಗಮನಿಸಬೇಕಾದುದು ಬೇರೊಂದು ಸಂಗತಿ. ಫಿರಿಸ್ತಾ ತನ್ನ ಚರಿತ್ರೆಯನ್ನು ಅರ್ಪಿಸಿದ್ದು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ (1580–1627). ಅದೇ ದೊರೆಗಾಗಿ ನಿಜಾಮುದ್ದೀನ್ ಮಹಮೂದ್ ಎಂಬಾತನು ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧದ್ರವ್ಯಗಳ ಗ್ರಂಥವನ್ನು ಪಾರಸಿಯಲ್ಲಿ ರಚಿಸಿದನು. ಹೀಗೆ ಒಂದೇ ಆಸ್ಥಾನದ ಒಂದು ಪುಸ್ತಕದಲ್ಲಿ ಮುದಗಲ್ಲಿನ ಹುಡುಗಿಯ ಚೆಲುವು ಬಂದಿತು, ಇನ್ನೊಂದರಲ್ಲಿ ಅರಮನೆಯ ಪರಿಮಳ ಬಂದಿತು. ಅಕ್ಕಸಾಲೆಯ ಮನೆಯ ಅರೆಯುವ ಕಲ್ಲು ಎರಡರಲ್ಲಿಯೂ ಬರಲಿಲ್ಲ.

ಆ ಕಲ್ಲನ್ನು ಹುಡುಕಬೇಕಾದರೆ ಗ್ರಂಥಗಳನ್ನು ಬಿಟ್ಟು ನೆಲದತ್ತ ನೋಡಬೇಕು. ಮುದಗಲ್ಲಿಗೆ ಸಮೀಪವಿರುವ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಅವರು ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಅಶೋಕನ ಶಾಸನ 1915ರಲ್ಲಿ ದೊರೆತ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆತ ನಡೆಸಿದರು. ನಯಗೊಳಿಸಿದ ಶಿಲಾಯುಧಗಳ ಜೊತೆಗೆ ಈ ಬಗೆಯ ನೆಲೆಗಳಲ್ಲಿ ಕಾಣಸಿಗುವುದು ತಗ್ಗಾಗಿ ಸವೆದ ಅರೆಯುವ ಕಲ್ಲುಗಳು ಮತ್ತು ಅವುಗಳ ಮೇಲೆ ಆಡಿಸುತ್ತಿದ್ದ ಗುಂಡುಗಳು. ಪಿಕ್ಲಿಹಾಳದ ಬಂಡೆಗಳ ಮೇಲೆ ವರ್ಣಚಿತ್ರಗಳೂ ಇವೆ. ಕೆಮ್ಮಣ್ಣನ್ನು ಅರೆದು ಬಣ್ಣ ಮಾಡುವ ಕೌಶಲ ಇಲ್ಲಿಯವರಿಗೆ ಬಹು ಹಿಂದೆಯೇ ಕೈವಶವಾಗಿತ್ತೆಂಬುದಕ್ಕೆ ಅವೇ ಸಾಕ್ಷಿ. ಆದರೆ ಕಲ್ಲಿನ ಸಾಕ್ಷ್ಯಕ್ಕೆ ಮಿತಿಯುಂಟು. ಅರೆದರೆಂಬುದನ್ನು ಅದು ಹೇಳುತ್ತದೆ. ಅರೆದುದನ್ನು ಉಂಡರೋ, ಗೋಡೆಗೆ ಬಳಿದರೋ, ಮೈಗೆ ಹಚ್ಚಿದರೋ ಎಂಬುದನ್ನು ಹೇಳುವುದಿಲ್ಲ. ಈ ಎಚ್ಚರವನ್ನು ವಿದ್ಯಾರ್ಥಿಗಳು ಎಂದೂ ಬಿಡಬಾರದು.

ಆದರೂ ಒಂದು ಸಂಗತಿ ಕುತೂಹಲಕರವಾಗಿದೆ. ಬಳ್ಳಾರಿಯ ಕಡೆಯ ಸಂಗನಕಲ್ಲು, ತೆಕ್ಕಲಕೋಟೆ ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ಸಸ್ಯಪುರಾತತ್ತ್ವಜ್ಞರು ಹುರುಳಿ ಮತ್ತು ಹೆಸರು ಆ ಕಾಲದ ಮುಖ್ಯ ದ್ವಿದಳಗಳೆಂದು ನಿರ್ಣಯಿಸಿದ್ದಾರೆ. ಇಂದಿಗೂ ನಮ್ಮ ಮನೆಗಳಲ್ಲಿ ಮೈ ಉಜ್ಜಲು ಹೆಸರುಹಿಟ್ಟು ಸಲ್ಲುತ್ತದೆ. ಅದರ ಸಂಗಾತಿಯಾದ ಕಡಲೆಹಿಟ್ಟಾದರೋ ಅಷ್ಟು ಹಳೆಯದಲ್ಲ. ಕಡಲೆಯ ತವರು ಪಶ್ಚಿಮ ಏಷ್ಯ, ದಕ್ಷಿಣಕ್ಕೆ ಅದು ಅನಂತರ ಬಂದುದು. ‘ಅನಾದಿಕಾಲದ ಮನೆಮದ್ದು’ ಎಂದು ನಾವು ಒಟ್ಟಾಗಿ ಕರೆಯುವ ವಸ್ತುಗಳಲ್ಲಿ ಒಂದೊಂದಕ್ಕೂ ಒಂದೊಂದು ವಯಸ್ಸು, ಒಂದೊಂದು ದಾರಿ ಉಂಟೆಂಬುದಕ್ಕೆ ಇದೇ ಮೊದಲ ದೃಷ್ಟಾಂತ.

ಬರಹದ ಆಧಾರಗಳು ಸಮೃದ್ಧವಾಗಿ ದೊರೆಯುವುದು ಕಲ್ಯಾಣದ ಚಾಳುಕ್ಯರ ಕಾಲದಿಂದ. ಎರಡನೆಯ ಜಯಸಿಂಹನ ಆಶ್ರಯದಲ್ಲಿ ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದನು. ಈ ಜಯಸಿಂಹನು ದೋ-ಆಬಿಗೆ ಹೊರಗಿನವನಲ್ಲ. ಮಸ್ಕಿಯು ಆ ಕಾಲದ ಶಾಸನದಲ್ಲಿ ಪಿರಿಯ ಮೊಸಂಗಿ ಎಂಬ ರಾಜಧಾನಿಯಾಗಿ ಕಾಣುತ್ತದೆ. ರಾಜೇಂದ್ರ ಚೋಳನಿಗೂ ಇವನಿಗೂ ಯುದ್ಧ ನಡೆದ ಮುಶಂಗಿ ಇದೇ ಎಂದು ಅನೇಕ ವಿದ್ವಾಂಸರ ಮತ. ಕೃಷಿ, ವಾಸ್ತು, ಅಂತರ್ಜಲ, ಪಾಕ, ವೈದ್ಯ ಇವುಗಳ ಜೊತೆಗೆ ಗಂಧಯುಕ್ತಿಗೂ ಈ ಗ್ರಂಥದಲ್ಲಿ ಸ್ಥಾನವಿದೆ. ಸುಗಂಧವು ಅರಸರ ಭೋಗವೆಂದು ಬೇರೆಯಾಗಿ ನಿಲ್ಲದೆ, ಅಡುಗೆ ಬೇಸಾಯಗಳೊಡನೆ ಸಂಸಾರಿಯು ತಿಳಿದಿರಬೇಕಾದ ವಿದ್ಯೆಯಾಗಿ ಬಂದಿರುವುದು ಗಮನಾರ್ಹ. ಸುಮಾರು ಒಂದು ಶತಮಾನದ ತರುವಾಯ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ದೃಷ್ಟಿ ಬದಲಾಗುತ್ತದೆ. ಅಲ್ಲಿ ಸ್ನಾನ, ವಿಲೇಪನ, ಪಾದಾಭ್ಯಂಗ, ಧೂಪ ಇವು ಅರಸನ ಇಪ್ಪತ್ತು ಉಪಭೋಗಗಳ ಎಣಿಕೆಯಲ್ಲಿ ಸೇರಿವೆ.

ಅರಮನೆಯ ವಿಲೇಪನಕ್ಕೆ ಬೇಕಾದ ವಸ್ತುಗಳು ದೂರದಿಂದ ಬರಬೇಕಾಗಿದ್ದುವು. ಕಸ್ತೂರಿ ಹಿಮಾಲಯದಿಂದ, ಕೇಸರಿ ಕಾಶ್ಮೀರದಿಂದ, ಉತ್ತಮ ಕರ್ಪೂರ ಸುಮಾತ್ರಾ ಮುಂತಾದ ದ್ವೀಪಗಳಿಂದ ಬರುತ್ತಿದ್ದುವು. ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರು ವ್ಯವಹರಿಸುತ್ತಿದ್ದ ಸರಕುಗಳಲ್ಲಿ ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಹೆಸರಿಸುತ್ತದೆ. ಬಡವರ ಮನೆಗೆ ಇವು ಎಟುಕುವ ಮಾತಲ್ಲ. ಅವರಿಗೆ ಎಟುಕುತ್ತಿದ್ದುದು ಎಣ್ಣೆ. ಆ ಯುಗದ ಶಾಸನಗಳಲ್ಲಿ ತೆಲ್ಲಿಗರ ಐವತ್ತೊಕ್ಕಲು ಗಾಣಕ್ಕೆ ಇಷ್ಟೆಂದು ಎಣ್ಣೆಯನ್ನು ದೇವರ ದೀಪಕ್ಕೆ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕ ಕಲ್ಲಿನ ಮೇಲೆ ಉಳಿಯಿತು. ಮನೆಗೆ ಹೋದ ಎಣ್ಣೆಯ ಲೆಕ್ಕ ಉಳಿಯಲಿಲ್ಲ.

ದೋ-ಆಬಿನ ಹವೆಯನ್ನು ಬಲ್ಲವರಿಗೆ ಎಣ್ಣೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ; ಮಳೆ ಕಡಮೆ; ಗಾಳಿ ಒಣಗಿದ್ದು. ಎಳ್ಳು, ಕುಸುಬೆ, ಔಡಲ ಈ ನೆಲಕ್ಕೆ ಒಗ್ಗಿದ ಬೆಳೆಗಳು. ಅಭ್ಯಂಗವು ಅರಸನಿಗೂ ಒಕ್ಕಲಿಗನಿಗೂ ಸಮಾನವಾಗಿತ್ತೆಂಬುದಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹ ಒಂದು ಕಡೆಯ ಸಾಕ್ಷ್ಯವನ್ನು ಒದಗಿಸುತ್ತದೆ. ಕೃಷ್ಣದೇವರಾಯನು ಪ್ರತಿದಿನ ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಬೆವರಿನೊಡನೆ ಎಣ್ಣೆ ಇಳಿದುಹೋಗುವವರೆಗೆ ಸಾಮು ಮಾಡುತ್ತಿದ್ದನೆಂದು ಆತನು ಬರೆದಿದ್ದಾನೆ. 1520ರಲ್ಲಿ ರಾಯಚೂರನ್ನು ಗೆದ್ದ ದೊರೆಯ ದಿನಚರಿಯ ಮೊದಲ ವಸ್ತು ಕಸ್ತೂರಿಯಲ್ಲ, ಗಾಣದ ಎಳ್ಳೆಣ್ಣೆ.

ಮುದಗಲ್ ಹಿಂದೂ, ಮುಸಲ್ಮಾನ, ಕ್ರೈಸ್ತ ಕುಟುಂಬಗಳು ಕೂಡಿ ಬಾಳಿದ ಊರು; ಅಲ್ಲಿಯ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಆದಕಾರಣ ದಖನಿನ ಮುಸಲ್ಮಾನರ ಮನೆಯ ಪದ್ಧತಿಯನ್ನು ಬಿಟ್ಟರೆ ಈ ಚರಿತ್ರೆ ಅಪೂರ್ಣ. ಜಾಫರ್ ಶರೀಫ್ ರಚಿಸಿ ಹರ್ಕ್ಲಾಟ್ಸ್ ಇಂಗ್ಲಿಷಿಗೆ ತಂದು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕಾನೂನ್-ಎ-ಇಸ್ಲಾಂ’ ಗ್ರಂಥದಲ್ಲಿ ಮದುವೆಯ ಅರಿಶಿನದ ಶಾಸ್ತ್ರ ಮತ್ತು ಮೈಗೆ ಹಚ್ಚುವ ‘ಚಿಕ್ಸ’ ಎಂಬ ಪರಿಮಳದ ಪುಡಿಯ ಪ್ರಸ್ತಾಪವಿದೆ. ಉತ್ತರ ಕರ್ನಾಟಕದ ಮದುವೆಯ ಎಣ್ಣೆ-ಅರಿಶಿನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಮಂತ್ರ ಬೇರೆ, ಹಾಡು ಬೇರೆ. ಅರೆಯುವ ಕಲ್ಲು ಒಂದೇ.

ಇನ್ನು ಸಾಮಗ್ರಿ ಮತ್ತು ಸಲಕರಣೆಗಳನ್ನು ಜೊತೆಗೂಡಿಸಿ ನೋಡೋಣ. ಅಂಟುವಾಳ ಮತ್ತು ಸೀಗೆಯ ಕಾಯಿಗಳಲ್ಲಿ ಸೆಪೊನಿನ್ ಎಂಬ ನೊರೆಯ ಅಂಶವಿದೆ. ಅದು ಜಿಡ್ಡನ್ನು ನೀರಿನಲ್ಲಿ ಬೆರೆಯುವಂತೆ ಮಾಡಿ ತೆಗೆಯುತ್ತದೆ. ಇವುಗಳಿಗೆ ಬೇಕಾದುದು ಒರಳು, ಒನಕೆ. ಅಕ್ಕಸಾಲೆಯರು ಒಡವೆಯನ್ನು ತೊಳೆಯುವುದೂ ಅಂಟುವಾಳದ ನೊರೆಯಿಂದಲೇ. ಫಿರಿಸ್ತಾನ ಕಥೆಯ ಮನೆಯಲ್ಲಿ ಚಿನ್ನಕ್ಕೂ ಮೈಗೂ ಒಂದೇ ಕಾಯಿ ಸಂದಿರಬಹುದೆಂದು ಊಹಿಸಲು ಅಡ್ಡಿಯಿಲ್ಲ. ಹೆಸರು, ಕಡಲೆಗಳಿಗೆ ಬೀಸುವ ಕಲ್ಲು; ಬೀಸಿದುದನ್ನು ತೆಳುಬಟ್ಟೆಯಲ್ಲಿ ಗಾಳಿಸಿದರೆ ಮಾತ್ರ ಹಿಟ್ಟು ಚರ್ಮವನ್ನು ಗೀರದೆ ಜಿಡ್ಡನ್ನು ಹೀರುತ್ತದೆ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆಯಲ್ಲಿ ಕರಗುತ್ತದೆ. ಅರಿಶಿನಕ್ಕೆ ಎಣ್ಣೆಯನ್ನು ಕೂಡಿಸಿದ ರೂಢಿಯ ಹಿಂದೆ ಈ ಅನುಭವ ಇದ್ದೀತು. ಅದೇ ಅರಿಶಿನ ಸುಣ್ಣದ ಸಂಪರ್ಕದಿಂದ ಕೆಂಪಾಗಿ ಕುಂಕುಮವಾಗುತ್ತದೆ. ಶ್ರೀಗಂಧಕ್ಕೆ ಸಾಣೆಕಲ್ಲು ಮತ್ತು ನಾಲ್ಕು ಹನಿ ನೀರು, ಕುಟ್ಟುವುದಲ್ಲ, ತೇಯುವುದು. ಕಾಡಿಗೆಗೆ ಔಡಲೆಣ್ಣೆಯ ದೀಪ, ಅದರ ಮೇಲೆ ಕವುಚಿದ ತಾಮ್ರದ ತಟ್ಟೆ, ಕಲಸಲು ತುಪ್ಪ. ಕುಟ್ಟು, ಬೀಸು, ಅರೆ, ತೇಯು, ಗಾಳಿಸು ಎಂಬ ಈ ಐದು ಕ್ರಿಯಾಪದಗಳೇ ಮನೆಯ ಅಂಗರಾಗದ ವ್ಯಾಕರಣ.

ಈ ವ್ಯಾಕರಣದೊಳಕ್ಕೆ ಕಾಲಕಾಲಕ್ಕೆ ಹೊಸ ಶಬ್ದಗಳು ಬಂದುವು. ಗುಲಾಬಿಯ ನೀರು ಪಾರಸಿಕರ ಕಡೆಯಿಂದ ಬಂದಿತು. ಮುಲ್ತಾನಿ ಮಣ್ಣು ತನ್ನ ಊರಿನ ಹೆಸರನ್ನೇ ಹೊತ್ತು ಬಂದಿತು. ಲೋಳೆಸರದ ಮೂಲ ಅರೇಬಿಯ. ಪರಂಗಿಹಣ್ಣು ಪೋರ್ಚುಗೀಸರ ಮೂಲಕ ಬಂದ ಅಮೆರಿಕದ ಫಲ. ಇವೆಲ್ಲವನ್ನೂ ಅದೇ ಕಲ್ಲು ಒಪ್ಪಿಕೊಂಡಿತು. ಪರಂಪರೆಯೆಂಬುದು ಸಾಮಗ್ರಿಗಳ ಸ್ಥಿರವಾದ ಪಟ್ಟಿಯಲ್ಲ. ಬಂದುದನ್ನು ಪರೀಕ್ಷಿಸಿ, ಹದಗೊಳಿಸಿ, ತನ್ನದಾಗಿಸುವ ಕೈಚಳಕವೇ ಪರಂಪರೆ ಎಂಬ ನಿರ್ಣಯಕ್ಕೆ ನಾವು ಬರಬೇಕಾಗುತ್ತದೆ.

ಹೀಗೆಂದು ಹಳೆಯದೆಲ್ಲವೂ ಹಿತವೆಂದು ಭಾವಿಸಬಾರದು. ಸೀಸದ ಅದಿರಿನಿಂದ ಮಾಡಿದ ಸುರ್ಮಾ ದೇಹಕ್ಕೆ ವಿಷ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನವೂ ವಿಷವೇ. ಅಂಟುವಾಳ ಕಣ್ಣಿಗೆ ತಾಗಿದರೆ ಉರಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತದೆ. ನಿಸರ್ಗದಿಂದ ಬಂದುದೆಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯವಾಗುವುದಿಲ್ಲ. ಎಷ್ಟು, ಯಾರಿಗೆ, ಯಾವ ಕಾಲದಲ್ಲಿ ಎಂಬ ವಿವೇಕ ಮನೆಯ ಹಿರಿಯ ಹೆಂಗಸರಲ್ಲಿತ್ತು. ವಸ್ತುಗಳು ಇಂದು ಪೊಟ್ಟಣಗಳಲ್ಲಿ ದೊರೆಯುತ್ತವೆ; ಆ ವಿವೇಕ ಪೊಟ್ಟಣದಲ್ಲಿ ಬರುವುದಿಲ್ಲ. ಸಾಮಗ್ರಿ ಬದಲಾದಾಗಲೆಲ್ಲ ಉಳಿದುಬಂದ ಸಲಕರಣೆ ಈಗ ಮೊದಲ ಬಾರಿಗೆ ಮನೆಯಿಂದ ಹೊರಬೀಳುತ್ತಿದೆ. ಸಾಬೂನು, ವಿದ್ಯುತ್ ಯಂತ್ರ, ಚಿಕ್ಕ ಮನೆಗಳು ಇದಕ್ಕೆ ಕಾರಣ. ಬೀಸುವ ಶ್ರಮ ತಪ್ಪಿದ್ದು ಹೆಣ್ಣುಮಕ್ಕಳ ಭಾಗಕ್ಕೆ ಲಾಭವೇ ಸರಿ. ಅದಕ್ಕಾಗಿ ನಾವು ಮರುಗುತ್ತಿಲ್ಲ. ಮರುಗಬೇಕಾದುದು, ಅವರ ತಿಳಿವು ದಾಖಲೆಯಾಗದೆ ಹೋಗುತ್ತಿರುವುದಕ್ಕೆ.

ದಾಖಲೆಯ ಬೆಲೆಯೇನೆಂಬುದನ್ನು ಇತ್ತೀಚಿನ ಚರಿತ್ರೆಯೇ ಕಲಿಸಿದೆ. ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಕೊಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು. 1997ರಲ್ಲಿ ಹಕ್ಕುಪತ್ರ ರದ್ದಾಯಿತು. ‘ನಮ್ಮ ಅಜ್ಜಿಯರೆಲ್ಲರೂ ಬಲ್ಲರು’ ಎಂಬ ಮಾತು ಅಲ್ಲಿ ಸಾಕಾಗಲಿಲ್ಲ. ಗೆಲುವು ತಂದುದು ಸಂಸ್ಕೃತ ಗ್ರಂಥಗಳೂ 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ ಸೇರಿದ ಲಿಖಿತ ಆಧಾರಗಳು. ಬರಹಕ್ಕೆ ಇಳಿಯದ ಜ್ಞಾನ ನ್ಯಾಯಸ್ಥಾನದಲ್ಲಿ ಮೂಕವಾಗುತ್ತದೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಸೂಚನೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಮನೆಯ ಒಂದು ಕಲ್ಲನ್ನು ಆರಿಸಿಕೊಳ್ಳಲಿ. ಅದರ ಅಳತೆ, ಶಿಲೆಯ ಜಾತಿ, ಸವೆತದ ಗುರುತು, ಸ್ಥಳೀಯ ಹೆಸರು, ಅದರಲ್ಲಿ ಅರೆಯುತ್ತಿದ್ದ ವಸ್ತುಗಳು ಮತ್ತು ಅವುಗಳ ಪ್ರಮಾಣ, ಹೇಳಿದವರ ಮಾತು, ಕೇಳಿದ ದಿನಾಂಕ ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಲಿ. ಮುದಗಲ್ಲಿನ ಕೋಟೆಗಾಗಿ ಹೋರಾಡಿದವರ ಹೆಸರುಗಳೆಲ್ಲ ನಮಗೆ ಗೊತ್ತಿವೆ. ಆ ಕೋಟೆಯ ಮಕ್ಕಳನ್ನು ಎಣ್ಣೆಯೊತ್ತಿ ಮೀಯಿಸಿದವರ ಹೆಸರು ಇನ್ನು ದೊರೆಯಲಾರದು. ಅವರ ಕೈಯ ಕೆಲಸವಾದರೂ ದೊರೆಯಬಹುದು. ಅದನ್ನು ಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.