ಡೋನಟ್‌ನ ತೂತಿಗೆ ಹೆಸರುಂಟು, ಹಣ್ಣಿಗಿಲ್ಲ

ಮೇಲೆ ಹಣ್ಣಿನ ಹೋಳು ಜೋಡಿಸಿದ ಡೋನಟ್‌ಗಳ ವಿಡಿಯೋ ಈಗ ಹಳ್ಳಿಯ ಮೊಬೈಲ್‌ಗಳಲ್ಲೂ ಓಡುತ್ತಿವೆ. ನೋಡಿದವರು ‘ಇದು ಸಿಹಿ ವಡೆ ಅಲ್ಲವೇ?’ ಎನ್ನುತ್ತಾರೆ. ಹೋಲಿಕೆ ತಪ್ಪಲ್ಲ. ಎರಡಕ್ಕೂ ನಡುವೆ ತೂತಿದೆ, ಎರಡೂ ಕಾದ ಎಣ್ಣೆಯಲ್ಲಿ ಬೇಯುತ್ತವೆ. ಆದರೆ ಡೋನಟ್‌ಗೆ ತೂತು ಬಂದದ್ದು ತಡವಾಗಿ. ಅದಕ್ಕಿಂತ ನೂರೈವತ್ತು ವರ್ಷಕ್ಕೂ ಹಿಂದೆಯೇ ಅದರಲ್ಲಿ ಹಣ್ಣು ಇತ್ತು. ಮೇಲಲ್ಲ, ಒಳಗೆ.

ಒಳಗಿದ್ದ ಹಣ್ಣು ಮೇಲಕ್ಕೆ ಬಂದದ್ದು ಹೇಗೆ? ಈ ಕಥೆಯಲ್ಲಿ ತೂತು ಕೊರೆದವನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಹಿಟ್ಟು ನಾದಿದವರ ಹೆಸರನ್ನು ಮಾತ್ರ ಹುಡುಕಬೇಕು.

ಎಣ್ಣೆಯ ಉಂಡೆ

ಡೋನಟ್‌ನ ತವರು ಅಮೆರಿಕ ಎಂದು ನಾವೆಲ್ಲ ತಿಳಿದಿದ್ದೇವೆ. ಅದರ ಅಜ್ಜಿ ಮನೆ ಹಾಲೆಂಡ್. ಅಲ್ಲಿ 1660ರ ದಶಕದಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲಿ ‘ಎಣ್ಣೆ ಕೇಕು’ ಎಂಬ ಅರ್ಥದ ತಿಂಡಿಯೊಂದಿದೆ. ಅದರ ಅಳತೆ ನೋಡಿ: ಎರಡು ಪೌಂಡ್ ಗೋಧಿ ಹಿಟ್ಟಿಗೆ ಎರಡು ಪೌಂಡ್ ಒಣದ್ರಾಕ್ಷಿ. ಅಂದರೆ ಹಿಟ್ಟಿನಷ್ಟೇ ತೂಕದ ಹಣ್ಣು! ಜೊತೆಗೆ ಹೆಚ್ಚಿದ ಸೇಬು, ಬಾದಾಮಿ, ಚಕ್ಕೆ, ಲವಂಗ, ಶುಂಠಿ. ಹಿಟ್ಟು ಉಬ್ಬಲು ಯೀಸ್ಟ್, ಕಲಸಲು ಉಗುರು ಬೆಚ್ಚಗಿನ ಹಾಲು. ಇದನ್ನು ಉಂಡೆ ಮಾಡಿ ಎಣ್ಣೆಗೆ ಬಿಡುತ್ತಿದ್ದರು. ಆ ಪುಸ್ತಕದ ಮೇಲೆ ಬರೆದವರ ಹೆಸರಿಲ್ಲ.

ಅಮೆರಿಕಕ್ಕೆ ವಲಸೆ ಹೋದ ಡಚ್ಚರು ಈ ತಿಂಡಿಯನ್ನೂ ಕೊಂಡೊಯ್ದರು. ಇಂದಿನ ನ್ಯೂಯಾರ್ಕ್ ಆಗ ಅವರ ವಸಾಹತು. 1664ರಲ್ಲಿ ಇಂಗ್ಲಿಷರ ಕೈಸೇರಿತು. ಆಳುವವರು ಬದಲಾದರೂ ಬಾಣಲೆ ಒಲೆಯಿಂದ ಇಳಿಯಲಿಲ್ಲ. 1809ರಲ್ಲಿ ಲೇಖಕ ವಾಷಿಂಗ್ಟನ್ ಇರ್ವಿಂಗ್ ನ್ಯೂಯಾರ್ಕ್ ಬಗ್ಗೆ ಬರೆದ ಹಾಸ್ಯದ ಪುಸ್ತಕದಲ್ಲಿ, ಹಂದಿಯ ಕೊಬ್ಬಿನಲ್ಲಿ ಕರಿದ ಸಿಹಿ ಹಿಟ್ಟಿನ ಉಂಡೆಗಳಿಗೆ ಡೋನಟ್ ಎಂಬ ಹೆಸರು ಕಾಣಿಸುತ್ತದೆ. ಆಗಲೂ ಅದು ಉಂಡೆಯೇ.

ನಡು ಬೇಯದ ಕಷ್ಟ

ಉಂಡೆಯನ್ನು ಕರಿದವರಿಗೆ ಅದರ ಕಷ್ಟ ಗೊತ್ತು. ಎಣ್ಣೆ ಜೋರಾಗಿ ಕಾದಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ಕಾವು ಕಡಿಮೆಯಾದರೆ ಎಣ್ಣೆ ಕುಡಿದು ಜಿಡ್ಡು. ಶಾಖ ಹೊರಗಿನಿಂದ ನಡುವಿಗೆ ನಿಧಾನವಾಗಿ ಸಾಗಬೇಕು. ಹಿಟ್ಟು ದಪ್ಪವಿದ್ದಷ್ಟೂ ದಾರಿ ದೂರ. ಉದ್ದಿನ ವಡೆಗೆ ನಮ್ಮವರು ಹೆಬ್ಬೆರಳಲ್ಲಿ ತೂತು ಮಾಡುವುದು ಇದೇ ಕಾರಣಕ್ಕೆ. ತೂತಿದ್ದರೆ ನಡುವಿಗೂ ಎಣ್ಣೆ ತಾಗುತ್ತದೆ.

ಅಮೆರಿಕದಲ್ಲಿ ಈ ಉಪಾಯದ ಕೀರ್ತಿ ಸಂದಿರುವುದು ಮೇಯ್ನ್ ರಾಜ್ಯದ ನಾವಿಕ ಹ್ಯಾನ್ಸನ್ ಗ್ರೆಗರಿಗೆ. ಅವನ ತಾಯಿ ಎಲಿಜಬೆತ್ ಜಾಯಿಕಾಯಿ, ನಿಂಬೆ ಸಿಪ್ಪೆ ಹಾಕಿ, ನಡುವೆ ಬೀಜಗಳನ್ನು ತುಂಬಿ ಡೋನಟ್ ಮಾಡುತ್ತಿದ್ದಳೆಂದು ಕಥೆ ಹೇಳುತ್ತಾರೆ. 1916ರಲ್ಲಿ ಮುದುಕನಾಗಿದ್ದ ಗ್ರೆಗರಿ ಪತ್ರಿಕೆಯೊಂದಕ್ಕೆ ತನ್ನ ಮಾತನ್ನು ಹೇಳಿದ. 1847ರಲ್ಲಿ ಹಡಗಿನಲ್ಲಿ ಕೊಡುತ್ತಿದ್ದ ಡೋನಟ್‌ಗಳ ಅಂಚು ಗರಿಗರಿ, ನಡು ಹಸಿ. ಅವನು ಮೆಣಸಿನ ಪುಡಿಯ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟಿನ ನಡುವೆ ಒತ್ತಿದ. ತೂತಾಯಿತು.

ಅದೇ ಸಂದರ್ಶನದಲ್ಲಿ ಅವನು ಇನ್ನೊಂದು ಸಂಗತಿಯನ್ನೂ ಹೇಳಿದ್ದಾನೆ. ಊರಿಗೆ ಮರಳಿ ಈ ಉಪಾಯವನ್ನು ತಾಯಿಗೆ ತೋರಿಸಿದ. ಬಾಣಲೆಗಟ್ಟಲೆ ಕರಿದು ಪಕ್ಕದ ಊರಿಗೆ ಕಳಿಸಿದವಳು ತಾಯಿ. ಹಡಗಿನಲ್ಲಿ ಒಮ್ಮೆ ಒತ್ತಿದ ಮುಚ್ಚಳ ಜನರ ತಿಂಡಿಯಾದದ್ದು ಅವಳ ಒಲೆಯ ಮೇಲೆ. 1947ರಲ್ಲಿ, ನೂರು ವರ್ಷದ ನೆನಪಿಗೆ, ಅವನ ಹುಟ್ಟೂರಿನಲ್ಲಿ ಫಲಕ ಹಾಕಿದರು. ಅದು ಮಗನ ನೆನಪಿಗೆ.

‘ಎಲ್ಲರ ಮನೆ ದೋಸೆಯೂ ತೂತೇ’ ಎನ್ನುತ್ತೇವಲ್ಲ, ಈ ವಿಷಯದಲ್ಲಿ ನಮ್ಮ ಮನೆಯದೂ ಅಷ್ಟೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ವಡೆಯ ವಿವರವಿದೆ. ಗ್ರಂಥಕ್ಕೆ ದೊರೆಯ ಹೆಸರು. ವಡೆಯನ್ನು ಮೊದಲು ತಟ್ಟಿದ ಕೈ ಯಾರದೋ?

ಯುದ್ಧಭೂಮಿಯ ಬಾಣಲೆ

ಡೋನಟ್‌ನ ಕಥೆಯಲ್ಲಿ ಹೆಣ್ಣುಮಕ್ಕಳ ಹೆಸರು ಉಳಿದದ್ದು 1917ರಲ್ಲಿ. ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿದ್ದ ಅಮೆರಿಕದ ಸೈನಿಕರ ಸೇವೆಗೆ ಸಾಲ್ವೇಶನ್ ಆರ್ಮಿ ತನ್ನ ಕಾರ್ಯಕರ್ತೆಯರನ್ನು ಕಳಿಸಿತ್ತು. ಹೆಲೆನ್ ಪರ್ವಿಯಾನ್ಸ್ ಮತ್ತು ಮಾರ್ಗರೆಟ್ ಶೆಲ್ಡನ್ ಅವರ ಬಳಿ ಇದ್ದದ್ದು ಹಿಟ್ಟು, ಸಕ್ಕರೆ, ಕೊಬ್ಬು, ಬೇಕಿಂಗ್ ಪೌಡರ್, ಡಬ್ಬಿ ಹಾಲು. ಹಣ್ಣು ಇರಲಿಲ್ಲ. ಲಟ್ಟಣಿಗೆಯೂ ಇರಲಿಲ್ಲ, ಖಾಲಿ ಬಾಟಲಿಯಲ್ಲೇ ಲಟ್ಟಿಸಿದರು. ಮೊದಲ ದಿನ ಕರಿದದ್ದು 150. ಮುಂದೆ ದಿನಕ್ಕೆ ಸಾವಿರಗಟ್ಟಲೆ ಆಯಿತು. ಊರಿಗೆ ಮರಳಿದ ಸೈನಿಕರು ಡೋನಟ್ ಕೇಳತೊಡಗಿದರು. 1920ರಲ್ಲಿ ನ್ಯೂಯಾರ್ಕಿನ ಬೇಕರಿಯವ ಅಡಾಲ್ಫ್ ಲೆವಿಟ್ ಡೋನಟ್ ಯಂತ್ರವನ್ನೇ ಮಾಡಿದ. ಮನೆಯ ತಿಂಡಿ ಅಂಗಡಿಯದಾಯಿತು.

ಹಣ್ಣು ಮೇಲೆ ಏಕೆ?

ಉಂಗುರದ ಆಕಾರ ಬಂದ ಮೇಲೆ ಒಳಗೆ ತುಂಬಲು ನಡುವೇ ಇಲ್ಲ. ಹಾಗಾಗಿ ಹಣ್ಣಿಗೆ ಉಳಿದ ಜಾಗ ಮೇಲ್ಭಾಗ. ಜರ್ಮನಿಯ ಬರ್ಲಿನರ್ ತೂತಿಲ್ಲದೆ ಉಳಿಯಿತು. ಅದನ್ನು ಕರಿದು, ಆಮೇಲೆ ಜಾಮ್ ತುಂಬುತ್ತಾರೆ. ಹಾಲೆಂಡಿನವರು ಇಂದಿಗೂ ಹೊಸ ವರ್ಷದ ಹಿಂದಿನ ರಾತ್ರಿ ದ್ರಾಕ್ಷಿ ಹಾಕಿದ ಉಂಡೆಯನ್ನೇ ಕರಿಯುತ್ತಾರೆ. ನಮ್ಮ ಕರಾವಳಿಯ ಬನ್ಸ್ ಇನ್ನೊಂದು ದಾರಿ: ಕಳಿತ ಬಾಳೆಹಣ್ಣನ್ನು ಹಿಟ್ಟಿನಲ್ಲೇ ಕಿವುಚಿ, ಪೂರಿಯಂತೆ ಲಟ್ಟಿಸಿ ಉಬ್ಬಿಸುವುದು.

ಮನೆಯಲ್ಲಿ ಮಾಡುವುದಾದರೆ ಈ ಚರಿತ್ರೆಯೇ ಪಾಠ. 250 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಎರಡು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, 25 ಗ್ರಾಂ ಬೆಣ್ಣೆ. ಸುಮಾರು 150 ಮಿಲಿ ಉಗುರು ಬೆಚ್ಚಗಿನ ಹಾಲನ್ನು ಹದ ನೋಡಿ ಹಾಕಿ, ಹತ್ತು ನಿಮಿಷ ನಾದಿ. ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ. ಅರ್ಧ ಇಂಚು ದಪ್ಪ ಲಟ್ಟಿಸಿ, ಸ್ಟೀಲ್ ಡಬ್ಬಿಯ ಮುಚ್ಚಳದಿಂದ ದುಂಡಗೆ, ಬಾಟಲಿ ಮುಚ್ಚಳದಿಂದ ನಡುವೆ ಕತ್ತರಿಸಿ. ಇನ್ನೊಮ್ಮೆ ಅರ್ಧ ಗಂಟೆ ಉಬ್ಬಿದ ಮೇಲೆ ಮಧ್ಯಮ ಕಾವಿನಲ್ಲಿ ಎರಡೂ ಬದಿ ಹೊಂಬಣ್ಣಕ್ಕೆ ಕರಿಯಿರಿ.

ಹಸಿ ಹಣ್ಣನ್ನು ಮೇಲಿಟ್ಟು ಎಣ್ಣೆಗೆ ಬಿಡಬೇಡಿ. ನೀರು ಬಿಟ್ಟು ಎಣ್ಣೆ ಸಿಡಿಯುತ್ತದೆ. ಮಾವು, ಅನಾನಸ್, ಪಪ್ಪಾಯಿ ಯಾವುದಾದರೂ ಸರಿ, ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ ಆರಿಸಿ. ಡೋನಟ್ ಪೂರ್ತಿ ತಣಿದ ಮೇಲೆ, ತಿನ್ನುವ ಮುಂಚೆ ಸವರಿ. ಮೊದಲೇ ಸವರಿಟ್ಟರೆ ಮೆತ್ತಗಾಗುತ್ತದೆ. ಬಾಳೆಹಣ್ಣಿನ ಹೋಳಿಗೆ ನಿಂಬೆರಸ ಹಚ್ಚಿದರೆ ಬೇಗ ಕಪ್ಪಾಗದು.

ಮುಚ್ಚಳ ಒತ್ತುವುದು ಒಂದು ಕ್ಷಣದ ಕೆಲಸ. ನಾದುವುದು, ಉಬ್ಬುವುದನ್ನು ಕಾಯುವುದು, ಒಲೆಯ ಮುಂದೆ ನಿಲ್ಲುವುದು ಅರ್ಧ ದಿನದ್ದು. ಚರಿತ್ರೆ ಕ್ಷಣವನ್ನು ಬರೆದುಕೊಂಡಿತು, ಅರ್ಧ ದಿನವನ್ನು ಬಿಟ್ಟಿತು. ಊರಿನ ದೇವಸ್ಥಾನಕ್ಕೆ ಕಂಬ ಕೊಟ್ಟವರ ಹೆಸರು ಕಲ್ಲಿನಲ್ಲಿರುತ್ತದೆ. ಊರಿಗೆಲ್ಲ ಚಕ್ಕುಲಿಯ ಹದ ಕಲಿಸಿದ ಅಜ್ಜಿಯ ಹೆಸರು ಮೊಮ್ಮಕ್ಕಳಿಗೇ ಮರೆತಿರುತ್ತದೆ. ಕೈಯಲ್ಲಿ ಮೊಬೈಲ್ ಇದೆ. ನಿಮ್ಮ ಮನೆಯ ತಿಂಡಿಯ ಹದ ಯಾರಿಂದ ಬಂತೆಂದು ಇವತ್ತೇ ಕೇಳಿ, ಅಳತೆಯ ಜೊತೆ ಅವರ ಹೆಸರನ್ನೂ ಬರೆದಿಡಿ.