ಮೂರು ಪುಸ್ತಕಗಳ ಒಂದು ಲೆಕ್ಕ: ವಿ.ಪಿ. ಅಂಚೆಯಿಂದ ಆನ್‌ಲೈನ್ ಅಂಗಡಿಯವರೆಗೆ

ಮಾಲು, ಮಾಲೀಕ ಮತ್ತು ಗಿರಾಕಿ ಒಂದೇ ಸೂರಿನಡಿ ಇರುವ ಅಂಗಡಿಯಲ್ಲಿ ಕಪಾಟಿನಲ್ಲಿ ಕಾಣುವುದೇ ದಾಸ್ತಾನು, ಕೈಯಿಂದ ಕೈಗೆ ದಾಟುವುದೇ ರವಾನೆ, ಗಲ್ಲಾಪೆಟ್ಟಿಗೆಗೆ ಬೀಳುವುದೇ ಮಾರಾಟ. ಗಿರಾಕಿಯು ದೂರದ ಊರಿನಲ್ಲಿ ಕುಳಿತು ಸಾಮಾನು ತರಿಸತೊಡಗಿದಾಗ ಈ ಮೂರು ಕ್ರಿಯೆಗಳು ಬೇರ್ಪಟ್ಟು ಒಂದೊಂದಕ್ಕೂ ಒಂದೊಂದು ಪುಸ್ತಕ ಬೇಕಾಯಿತು: ಬಂದ ಬೇಡಿಕೆಗಳಿಗೆ ಆರ್ಡರ್ ಪುಸ್ತಕ, ಗೋದಾಮಿನಲ್ಲಿ ಉಳಿದಿರುವುದಕ್ಕೆ ದಾಸ್ತಾನು ಪುಸ್ತಕ, ಹೊರಟುಹೋದ ಪಾರ್ಸೆಲುಗಳಿಗೆ ರವಾನೆ ಪುಸ್ತಕ. ಇಂದು ಆನ್‌ಲೈನ್ ಅಂಗಡಿಯನ್ನು ದಾಸ್ತಾನು ಮತ್ತು ರವಾನೆಯ ತಂತ್ರಾಂಶಗಳಿಗೆ ಜೋಡಿಸುವುದೆಂದರೆ, ಈ ಮೂರು ಪುಸ್ತಕಗಳು ಸದಾ ಒಂದೇ ಲೆಕ್ಕವನ್ನು ಹೇಳುವಂತೆ ನೋಡಿಕೊಳ್ಳುವುದೆಂದೇ ಅರ್ಥ. ಅವು ಪರಸ್ಪರ ತಾಳೆಯಾಗದಿದ್ದಾಗ ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಗಣಕಯಂತ್ರಕ್ಕಿಂತ ಬಹಳ ಹಳೆಯದು, ಮತ್ತು ಭಾರತದಲ್ಲಿ ಅದರ ಚರಿತ್ರೆಯನ್ನು ಅಂಚೆ ಕಚೇರಿಯಿಂದಲೇ ಆರಂಭಿಸಬೇಕಾಗುತ್ತದೆ.

1877ರಲ್ಲಿ ಭಾರತೀಯ ಅಂಚೆ ಇಲಾಖೆ ಜಾರಿಗೆ ತಂದ ವ್ಯಾಲ್ಯೂ ಪೇಯಬಲ್ ವ್ಯವಸ್ಥೆ, ಜನರ ಬಾಯಲ್ಲಿ ವಿ.ಪಿ. ಅಥವಾ ವಿ.ಪಿ.ಪಿ. ಎಂದು ರೂಢಿಯಾದದ್ದು, ಪರಸ್ಪರ ಮುಖ ನೋಡದ ಇಬ್ಬರ ನಡುವೆ ವ್ಯಾಪಾರವನ್ನು ಸಾಧ್ಯವಾಗಿಸಿತು. ಮಾರುವವನು ಪಾರ್ಸೆಲಿನ ಮೇಲೆ ಬೆಲೆ ನಮೂದಿಸಿ ಕಳುಹಿಸುತ್ತಿದ್ದನು. ಅಂಚೆಯವನು ಗಿರಾಕಿಯಿಂದ ಆ ಹಣ ಪಡೆದ ಮೇಲೆಯೇ ಪಾರ್ಸೆಲನ್ನು ಕೊಡುತ್ತಿದ್ದನು. ಹಣವು ಮನಿಯಾರ್ಡರಿನ ಮೂಲಕ ಕಳುಹಿಸಿದವನಿಗೆ ಮರಳುತ್ತಿತ್ತು. ಪುಸ್ತಕ, ಔಷಧಿ, ಗಡಿಯಾರ, ಬಿತ್ತನೆ ಬೀಜಗಳಂಥ ವಸ್ತುಗಳು ರೈಲು ಮುಟ್ಟದ ಹಳ್ಳಿಗಳಿಗೂ ಹೀಗೆ ತಲುಪಿದವು, ಕನ್ನಡದ ಪ್ರಕಾಶಕರೂ ತಲೆಮಾರುಗಳ ಕಾಲ ಓದುಗರನ್ನು ಇದೇ ದಾರಿಯಲ್ಲಿ ಮುಟ್ಟಿದರು. ಆದರೆ ಲೆಕ್ಕದ ದೃಷ್ಟಿಯಿಂದ ವಿ.ಪಿ. ತಂದ ಬದಲಾವಣೆ ಇನ್ನೂ ಆಳವಾದುದು. ಪಾರ್ಸೆಲು ಹೊರಟ ದಿನದಿಂದ ಹಣ ಬರುವ ದಿನದವರೆಗೆ ಆ ವಸ್ತು ಗೋದಾಮಿನಲ್ಲಿಯೂ ಇಲ್ಲ, ಮಾರಾಟವೂ ಆಗಿಲ್ಲ. ಗಿರಾಕಿ ಬೇಡವೆಂದರೆ ಅದು ಮರಳಿ ಬಂದು ದಾಸ್ತಾನಿಗೆ ಸೇರಬೇಕು, ಕಳುಹಿಸಿದ ಅಂಚೆ ವೆಚ್ಚ ಮಾತ್ರ ಮಾರಿದವನ ತಲೆಗೆ. ದಾರಿಯಲ್ಲಿರುವ ಮಾಲು ಎಂಬ ಈ ಮೂರನೆಯ ಸ್ಥಿತಿಯನ್ನು ಸರಿಯಾಗಿ ಬರೆದಿಡದ ವ್ಯಾಪಾರಿಗೆ ತನ್ನ ಬಳಿ ಏನಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಮೂರು ಪುಸ್ತಕಗಳ ನಡುವಿನ ಬಿರುಕು ನಮ್ಮ ನೆಲದಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲಿಯೇ ಎನ್ನಬಹುದು.

ಅದೇ ಸಮಸ್ಯೆ ಅತ್ಯಂತ ದೊಡ್ಡ ಗಾತ್ರದಲ್ಲಿ ಎದುರಾದದ್ದು ಅಮೆರಿಕದ ಶಿಕಾಗೊ ನಗರದಲ್ಲಿ. 1872ರಲ್ಲಿ ಮಾಂಟ್ಗೊಮೆರಿ ವಾರ್ಡ್ ಅಲ್ಲಿ ಅಂಚೆಯ ಮೂಲಕ ಮಾರಾಟ ಆರಂಭಿಸಿದ ಮೇಲೆ, ಬೆಲೆಪಟ್ಟಿ ನೋಡಿ ಸಾಮಾನು ತರಿಸುವುದು ರೈತ ಕುಟುಂಬಗಳಲ್ಲಿ ವಾಡಿಕೆಯಾಯಿತು. ಅದೇ ಹಾದಿಯಲ್ಲಿ ಬೆಳೆದ ಸಿಯರ್ಸ್ ಸಂಸ್ಥೆ 1906ರಲ್ಲಿ ಸುಮಾರು 30 ಲಕ್ಷ ಚದರ ಅಡಿಯ ಕಟ್ಟಡವೊಂದನ್ನು ಕಟ್ಟಿ, ವ್ಯವಸ್ಥಾಪಕ ಓಟೊ ಡೋರಿಂಗ್ ರೂಪಿಸಿದ ವೇಳಾಪಟ್ಟಿ ಪದ್ಧತಿಯನ್ನು ಅಲ್ಲಿ ನಡೆಸಿತು. ಒಬ್ಬ ಗಿರಾಕಿಯ ಪತ್ರದಲ್ಲಿ ಬೂಟು, ಬಟ್ಟೆ, ಬಾಣಲೆ ಮೂರೂ ಇದ್ದರೆ ಅವು ಮೂರು ಬೇರೆ ವಿಭಾಗಗಳಿಂದ ಬರಬೇಕು. ಪತ್ರ ತೆರೆದ ಕೂಡಲೇ ಅದಕ್ಕೆ ಹದಿನೈದು ನಿಮಿಷಗಳ ಒಂದು ಅವಧಿಯನ್ನು ಗೊತ್ತುಮಾಡಿ, ಆ ಅವಧಿಯೊಳಗೆ ಮೂರೂ ವಸ್ತುಗಳು ಕನ್ವೇಯರ್ ಪಟ್ಟಿ ಮತ್ತು ಜಾರುಕೊಳವೆಗಳ ಮೂಲಕ ಒಂದೇ ಗೂಡಿಗೆ ಬಂದು ಬೀಳುವಂತೆ ಆಯಾ ವಿಭಾಗಕ್ಕೆ ಚೀಟಿ ಹೋಗುತ್ತಿತ್ತು. ಸಮಯಕ್ಕೆ ಬಾರದ ವಸ್ತುವಿಗಾಗಿ ಉಳಿದವು ಕಾಯುತ್ತಿರಲಿಲ್ಲ. ಇಲ್ಲಿ ಗಮನಿಸಬೇಕಾದುದು ಯಂತ್ರಗಳನ್ನಲ್ಲ, ಚೀಟಿಯನ್ನು. ಬೇಡಿಕೆಯು ತಾನೇ ಗೋದಾಮಿಗೂ ರವಾನೆಯ ಕೋಣೆಗೂ ಅಪ್ಪಣೆಯಾಗಿ ಹೋಗಬೇಕು, ನಡುವೆ ಯಾರೂ ಅದನ್ನು ಮತ್ತೆ ಯೋಚಿಸಿ ಬರೆಯಬಾರದು ಎಂಬ ತತ್ವ ಆ ಚೀಟಿಯಲ್ಲಿತ್ತು. ಇಂದಿನ ತಂತ್ರಾಂಶಗಳು ಕಾಗದವನ್ನು ಕೈಬಿಟ್ಟಿವೆಯೇ ಹೊರತು ಈ ತತ್ವವನ್ನಲ್ಲ.

ಚೀಟಿ ತಾನಾಗಿಯೇ ನಡೆಯಬೇಕಾದರೆ ವಸ್ತುವಿಗೂ ಊರಿಗೂ ಎಲ್ಲರೂ ಒಪ್ಪುವ ಗುರುತು ಬೇಕು. ಊರಿನ ಗುರುತು ಭಾರತಕ್ಕೆ ಬಂದದ್ದು 1972ರ ಆಗಸ್ಟ್ 15ರಂದು, ಸಂಸ್ಕೃತ ಕವಿಯೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರು ಅಂಕಿಗಳ ಪಿನ್ ಕೋಡಿನ ಮೂಲಕ. ಒಂದೇ ಹೆಸರಿನ ಹಲವು ಊರುಗಳು, ಒಂದೇ ಊರಿನ ಹೆಸರನ್ನು ಹತ್ತು ಲಿಪಿಗಳಲ್ಲಿ ಬರೆಯುವ ಜನರು ಇರುವ ದೇಶದಲ್ಲಿ, ಮೊದಲ ಅಂಕಿಯಿಂದ ವಲಯವನ್ನೂ ಮೊದಲ ಮೂರರಿಂದ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರರಿಂದ ಅಂಚೆ ಕಚೇರಿಯನ್ನೂ ಹೇಳುವ ಈ ಸಂಖ್ಯೆ ಭಾಷೆಯ ತೊಡಕನ್ನು ನೀಗಿತು. ಕಾಗದ ವಿಂಗಡಿಸುವವರ ಅನುಕೂಲಕ್ಕೆಂದು ಹುಟ್ಟಿದ ಇದೇ ಸಂಖ್ಯೆ, ಈ ಪಾರ್ಸೆಲನ್ನು ಯಾವ ಕೊರಿಯರ್ ಒಯ್ಯಬಲ್ಲದು, ಎಷ್ಟು ದಿನದಲ್ಲಿ, ಎಷ್ಟು ದರಕ್ಕೆ ಎಂಬುದನ್ನು ರವಾನೆಯ ತಂತ್ರಾಂಶಗಳು ಇಂದು ನಿರ್ಧರಿಸುವ ಕೀಲಿಯಾಗಿದೆ. ವಸ್ತುವಿನ ಗುರುತಾದ ಬಾರ್‌ಕೋಡ್ 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯಲ್ಲಿ, ಚೂಯಿಂಗ್ ಗಮ್ಮಿನ ಒಂದು ಕಟ್ಟಿನ ಮೇಲೆ ಮೊದಲ ಬಾರಿಗೆ ಬಳಕೆಗೆ ಬಂತು. ಭಾರತದ ಸಂಸ್ಥೆಗಳು ಪಡೆಯುವ ಬಾರ್‌ಕೋಡುಗಳು 890ರಿಂದ ಆರಂಭವಾಗುತ್ತವೆ. ಇದಲ್ಲದೆ ಪ್ರತಿ ವ್ಯಾಪಾರಿಯೂ ತನ್ನ ಮಾಲಿಗೆ ಎಸ್‌ಕೆಯು ಎಂಬ ಸ್ವಂತ ಸಂಕೇತವನ್ನು ಕೊಡುತ್ತಾನೆ. ಒಂದೇ ಅಂಗಿಯ ಮೂರು ಅಳತೆ, ನಾಲ್ಕು ಬಣ್ಣಗಳೆಂದರೆ ಹನ್ನೆರಡು ಎಸ್‌ಕೆಯುಗಳು. ಅಂಗಡಿಯ ಪಟ್ಟಿಯಲ್ಲಿ ಒಂದು ಸಂಕೇತ, ಗೋದಾಮಿನ ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಎಂಥ ತಂತ್ರಾಂಶವೂ ಅವನ್ನು ಜೋಡಿಸಲಾರದು. ಜೋಡಣೆಯ ಕೆಲಸದಲ್ಲಿ ಬಹುಪಾಲು ಶ್ರಮ ಈ ಹೆಸರುಗಳನ್ನು ಹೊಂದಿಸುವುದಕ್ಕೇ ಸಲ್ಲುತ್ತದೆ.

ಬೆಂಗಳೂರು ಈ ಕಥೆಯೊಳಗೆ ಬರುವುದು 1999ರಲ್ಲಿ, ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ಇಲ್ಲಿ ಆರಂಭವಾದಾಗ. 2007ರಲ್ಲಿ ಇದೇ ನಗರದಲ್ಲಿ ಪುಸ್ತಕ ಮಾರಾಟದಿಂದ ತೊಡಗಿದ ಫ್ಲಿಪ್‌ಕಾರ್ಟ್ ಮೊದಲಲ್ಲಿ ದೊಡ್ಡ ದಾಸ್ತಾನನ್ನು ಇಟ್ಟುಕೊಂಡಿರಲಿಲ್ಲ. ಬೇಡಿಕೆ ಬಂದ ಮೇಲೆ ವಿತರಕರಿಂದ ಪುಸ್ತಕ ತರಿಸಿ ಕಳುಹಿಸುತ್ತಿತ್ತು. ಅಂಥ ವ್ಯಾಪಾರದಲ್ಲಿ ಆರ್ಡರ್ ಪುಸ್ತಕವೇ ಪ್ರಧಾನ, ದಾಸ್ತಾನು ಬೇರೆಯವರದು. 2010ರಲ್ಲಿ ಮನೆಬಾಗಿಲಿನಲ್ಲಿ ಹಣ ಪಡೆಯುವ ಕ್ಯಾಶ್ ಆನ್ ಡೆಲಿವರಿ ಪದ್ಧತಿಯನ್ನು ಅದು ಅಳವಡಿಸಿಕೊಂಡಾಗ, 1877ರ ವಿ.ಪಿ. ಹೊಸ ವೇಷದಲ್ಲಿ ಮರಳಿತು, ಗಿರಾಕಿ ಬೇಡವೆಂದ ಪಾರ್ಸೆಲು ಹಿಂದಿರುಗುವ ಹಳೆಯ ತಾಪತ್ರಯವೂ ಜೊತೆಗೇ ಮರಳಿತು. 2013ರಲ್ಲಿ ಸಂಸ್ಥೆಯು ಮಾರುಕಟ್ಟೆ ಮಾದರಿಗೆ, ಅಂದರೆ ಬೇರೆ ಬೇರೆ ವ್ಯಾಪಾರಿಗಳು ಒಂದೇ ಜಾಲತಾಣದಲ್ಲಿ ತಮ್ಮ ಮಾಲು ಮಾರುವ ಏರ್ಪಾಟಿಗೆ ಹೊರಳಿತು.

ಈ ಹೊರಳುವಿಕೆಯ ಹಿಂದೆ ಕಾನೂನಿನ ಒತ್ತಡವೂ ಇತ್ತು. ವಿದೇಶಿ ಬಂಡವಾಳವಿರುವ ಆನ್‌ಲೈನ್ ಅಂಗಡಿಯು ಮಾಲನ್ನು ತಾನೇ ಕೊಂಡಿಟ್ಟು ನೇರವಾಗಿ ಗಿರಾಕಿಗೆ ಮಾರುವುದಕ್ಕೆ ಭಾರತದಲ್ಲಿ ಅವಕಾಶವಿರಲಿಲ್ಲ. 2016ರ ಮಾರ್ಚಿನಲ್ಲಿ ಹೊರಬಿದ್ದ ಕೇಂದ್ರ ಸರ್ಕಾರದ ಪ್ರಕಟಣೆ ಈ ಭೇದವನ್ನು ಸ್ಪಷ್ಟವಾಗಿ ಬರೆದಿಟ್ಟಿತು. 2019ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿದವು. ಶಿಕಾಗೊದಲ್ಲಿ ಒಂದೇ ಛಾವಣಿಯಡಿ ಇದ್ದ ಮೂರು ಪುಸ್ತಕಗಳಿಗೆ ಭಾರತದಲ್ಲಿ ಹೀಗೆ ಮೂವರು ಒಡೆಯರಾದರು: ಬೇಡಿಕೆ ಜಾಲತಾಣದ್ದು, ದಾಸ್ತಾನು ವ್ಯಾಪಾರಿಯದು, ರವಾನೆ ಬಹುಮಟ್ಟಿಗೆ ಇನ್ನೊಂದು ಸಂಸ್ಥೆಯದು. ಜೋಡಿಸುವ ತಂತ್ರಾಂಶಕ್ಕೆ ಇಲ್ಲಿ ಬಂದಿರುವ ಪ್ರಾಮುಖ್ಯಕ್ಕೆ ತಂತ್ರಜ್ಞಾನದ ಮೋಹಕ್ಕಿಂತ ಈ ಒಡೆತನದ ವಿಭಜನೆಯೇ ದೊಡ್ಡ ಕಾರಣ.

ಜೋಡಣೆ ಸಡಿಲವಾದರೆ ಏನಾಗುತ್ತದೆಂಬುದನ್ನು ದೇಶವೇ ನೋಡಿದ್ದು 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಬೃಹತ್ ರಿಯಾಯಿತಿ ಮಾರಾಟದಲ್ಲಿ. ಅಂದು ಜಾಲತಾಣ ತಡವರಿಸಿತು, ವಸ್ತುಗಳು ಕಣ್ಣೆದುರೇ ಮುಗಿದುಹೋದವು, ಹಲವರ ಬೇಡಿಕೆಗಳು ರದ್ದಾದವು. ಮರುದಿನ ಸಂಸ್ಥೆಯ ಸ್ಥಾಪಕರು ಗಿರಾಕಿಗಳ ಕ್ಷಮೆ ಕೇಳಿದರು. ಇರುವುದಕ್ಕಿಂತ ಹೆಚ್ಚು ಮಾರುವ ಅಪಾಯ ಸಣ್ಣ ವ್ಯಾಪಾರಿಗೂ ತಪ್ಪಿದ್ದಲ್ಲ. ಕೊನೆಯ ಒಂದು ಸೀರೆಯನ್ನು ಎರಡು ಜಾಲತಾಣಗಳಲ್ಲಿ ಇಬ್ಬರು ಅರೆ ನಿಮಿಷದ ಅಂತರದಲ್ಲಿ ಕೊಂಡರೆ, ಮೊದಲ ಮಾರಾಟದ ಸುದ್ದಿ ದಾಸ್ತಾನು ಪುಸ್ತಕಕ್ಕೆ ತಲುಪಿ, ಅಲ್ಲಿಂದ ಎರಡನೆಯ ಜಾಲತಾಣಕ್ಕೆ ಮುಟ್ಟುವ ಮೊದಲೇ ಎರಡನೆಯ ಗಿರಾಕಿಗೆ ಮಾತು ಕೊಟ್ಟಾಗಿರುತ್ತದೆ. ಇಂಥ ಸುದ್ದಿಗಾಗಿ ಒಂದು ತಂತ್ರಾಂಶ ಇನ್ನೊಂದನ್ನು ಗೊತ್ತಾದ ರೀತಿಯಲ್ಲಿ ಕೇಳಿ ಉತ್ತರ ಪಡೆಯುವ ದ್ವಾರಕ್ಕೆ ಎಪಿಐ ಎನ್ನುತ್ತಾರೆ. ಗಂಟೆಗೊಮ್ಮೆ ಕೇಳುವ ಪದ್ಧತಿಯಲ್ಲಿ ಆ ಗಂಟೆಯೊಳಗಿನ ಮಾರಾಟಗಳು ಮರೆಯಾಗಿಯೇ ಉಳಿಯುತ್ತವೆ. ಆದ್ದರಿಂದ ಘಟನೆ ನಡೆದೊಡನೆ ತಾನೇ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಎಂಬ ಏರ್ಪಾಡು ಬಳಕೆಗೆ ಬಂತು. ಆ ಸುದ್ದಿ ದಾರಿಯಲ್ಲಿ ಕಳೆದುಹೋಗಬಹುದು, ಎರಡು ಬಾರಿ ಬರಲೂಬಹುದು. ಒಂದೇ ಬೇಡಿಕೆ ಎರಡು ಸಲ ಬಂದರೂ ದಾಸ್ತಾನು ಒಂದೇ ಸಲ ಕಡಿಮೆಯಾಗುವಂತೆ ಪ್ರತಿ ಬೇಡಿಕೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯ ಜೋಡಣೆಯ ಲಕ್ಷಣ.

ರವಾನೆಯ ಕೊನೆಯಲ್ಲಿ ಸರ್ಕಾರವೂ ಈ ಜಾಲದ ಒಂದು ಎಳೆಯಾಗಿದೆ. 50,000 ರೂಪಾಯಿ ಮೀರಿದ ಸರಕು ರಾಜ್ಯದಿಂದ ರಾಜ್ಯಕ್ಕೆ ಸಾಗಲು ಬೇಕಾದ ಇ-ವೇ ಬಿಲ್ ಎಂಬ ವಿದ್ಯುನ್ಮಾನ ರಹದಾರಿ 2018ರ ಏಪ್ರಿಲ್ 1ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ವ್ಯಾಟ್ ಕಾಲದಲ್ಲಿಯೇ ಇ-ಸುಗಮ್ ಎಂಬ ಇಂಥದೇ ವ್ಯವಸ್ಥೆಯನ್ನು ನಡೆಸಿದ್ದ ಕರ್ನಾಟಕಕ್ಕೆ ಇದು ಅಪರಿಚಿತವಾಗಿರಲಿಲ್ಲ.

2021ರ ಕೊನೆಯಲ್ಲಿ ನೋಂದಣಿಯಾದ ಓಎನ್‌ಡಿಸಿ, ಅಂದರೆ ಡಿಜಿಟಲ್ ವಾಣಿಜ್ಯದ ಮುಕ್ತ ಜಾಲ, ಮೂರು ಪುಸ್ತಕಗಳ ಒಡೆತನದ ವಿಭಜನೆಯನ್ನು ದೋಷವೆಂದು ಕಾಣದೆ ತನ್ನ ವಿನ್ಯಾಸದ ಬುನಾದಿಯನ್ನಾಗಿ ಮಾಡಿಕೊಂಡಿತು. ಗಿರಾಕಿ ಬಳಸುವ ಆ್ಯಪ್ ಒಬ್ಬರದು, ವ್ಯಾಪಾರಿಯ ಆ್ಯಪ್ ಇನ್ನೊಬ್ಬರದು, ಒಯ್ಯುವವರು ಮತ್ತೊಬ್ಬರು. ಎಲ್ಲರ ನಡುವೆ ಸಾಮಾನ್ಯವಾಗಿರುವುದು ಸಂದೇಶಗಳ ಒಪ್ಪಿತ ರೂಪ ಮಾತ್ರ. 2022ರ ಸೆಪ್ಟೆಂಬರ್ 30ರಂದು ಸಾರ್ವಜನಿಕ ಪ್ರಯೋಗಕ್ಕೆ ಆಯ್ದುಕೊಂಡದ್ದು ಬೆಂಗಳೂರಿನ 16 ಪಿನ್ ಕೋಡುಗಳನ್ನು.

ಆದರೆ ಈ ವ್ಯವಸ್ಥೆಗಳೆಲ್ಲ ಒಂದೇ ಬಗೆಯ ನೂರಾರು ವಸ್ತುಗಳಿಗೆ ಒಪ್ಪುವಷ್ಟು ಸಲೀಸಾಗಿ ಕೈಕೆಲಸದ ವಸ್ತುಗಳಿಗೆ ಒಪ್ಪುವುದಿಲ್ಲ. ಇಳಕಲ್ಲಿನ ಕೈಮಗ್ಗದಲ್ಲಿ ಮೈಗೂ ಸೆರಗಿಗೂ ತೋಪ್ ತೆನಿ ಕುಣಿಕೆ ಹಾಕಿ ನೇಯ್ದ ಸೀರೆಗೆ ಅದರಂಥದೇ ಇನ್ನೊಂದು ಸಿಗುವುದು ಅಪರೂಪ. ಅದರ ದಾಸ್ತಾನು ಒಂದೇ, ಮತ್ತು ಅದೇ ಸೀರೆ ಊರಿನ ಅಂಗಡಿಯ ಗಾದಿಯ ಮೇಲೂ ಹರಡಿಕೊಂಡಿರುತ್ತದೆ. ಎದುರಿಗೆ ಕುಳಿತ ಗಿರಾಕಿ ಅದನ್ನು ಕೊಂಡ ಕ್ಷಣವೇ ಯಾರಾದರೂ ಪಟ್ಟಿಯಿಂದ ತೆಗೆಯಬೇಕು. ತೆಗೆಯುವವರು ಬಿಡುವಾಗುವವರೆಗೆ ಆ ಸೀರೆ ಜಾಲತಾಣಗಳಲ್ಲಿ ಮಾರಾಟಕ್ಕಿದೆಯೆಂದೇ ತೋರುತ್ತಿರುತ್ತದೆ. ಇಂಥ ವ್ಯಾಪಾರಕ್ಕೆ ಗಾದಿಯ ಮೇಲಿನ ಮಾರಾಟವನ್ನೂ ಅದೇ ದಾಸ್ತಾನು ಪುಸ್ತಕದಲ್ಲಿ ಬರೆಯುವ, ಕನ್ನಡದಲ್ಲಿ ಮಾತನಾಡುವ, ಒಂದೇ ಸಲ ಮುಟ್ಟಿದರೆ ಮುಗಿಯುವ ಸಾಧನ ಬೇಕಾಗಿದೆ. ಮುಂದಿನ ಜೋಡಣೆಯ ಕೆಲಸ ನಡೆಯಬೇಕಾದದ್ದು ಅಲ್ಲಿ.